ಒಂದು ಕೊಳವೆ ರಕ್ತದಲ್ಲಿ ಕ್ಯಾನ್ಸರ್ ಸಿಗುತ್ತದೆಯೇ?

ಸಿಂಧನೂರಿನ ಆರ್.ಎಚ್. ಕ್ಯಾಂಪಿನಲ್ಲಿರುವ ನನ್ನ ದವಾಖಾನೆಗೆ ಬರುವವರಲ್ಲಿ ಅರ್ಧದಷ್ಟು ಜನ ಕ್ಯಾಂಪಿನ ಬಂಗಾಳಿ ಕುಟುಂಬದವರು, ಉಳಿದರ್ಧ ಸುತ್ತಲಿನ ಹಳ್ಳಿಗಳ ಮತ್ತು ಸಿಂಧನೂರು ಪಟ್ಟಣದ ನಮ್ಮವರು. ಭಾಷೆ ಬೇರೆಯಾದರೂ ಇತ್ತೀಚೆಗೆ ಎಲ್ಲರೂ ಕೇಳುವ ಪ್ರಶ್ನೆ ಮಾತ್ರ ಒಂದೇ. "ರಕ್ತ ಪರೀಕ್ಷೆ ಮಾಡಿಸಿದ್ರ ಕ್ಯಾನ್ಸರ್ ಐತೋ ಇಲ್ಲೋ ಗೊತ್ತಾಗತೈತಂತಲ್ಲ, ಹೌದೇನ್ರಿ?" ಮೊಬೈಲ್‌ನಲ್ಲಿ ಬಂದ ಜಾಹೀರಾತನ್ನು ತೋರಿಸಿ ಕೇಳುವವರೂ ಇದ್ದಾರೆ.

ಈ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಆ ಸಂಗತಿಯಿಂದಲೇ ಆರಂಭಿಸುತ್ತೇನೆ.

ಸುಮಾರು ನಲವತ್ತಾರು ವಯಸ್ಸಿನ ಒಬ್ಬ ಮಹಿಳೆ. ನಾನು ಅವರನ್ನು ಖಾಲಾ ಎಂದೇ ಕರೆಯುವುದು. ಎಡ ಸ್ತನದಲ್ಲಿ ಕಡಲೆಕಾಳಿಗಿಂತ ತುಸು ದೊಡ್ಡ ಗಂಟು ಕೈಗೆ ಸಿಗುತ್ತಿತ್ತು. ನೋವಿಲ್ಲ. ಬೆಂಗಳೂರಿನಲ್ಲಿ ದುಡಿಯುವ ಮಗ ತಾಯಿಯನ್ನು ಕರೆಸಿಕೊಂಡು ಒಂದು ಲ್ಯಾಬ್‌ನಲ್ಲಿ 'ಪೂರ್ತಿ ದೇಹದ ತಪಾಸಣೆ' ಮಾಡಿಸಿದ್ದ. ಸಕ್ಕರೆ, ಥೈರಾಯ್ಡ್, ಕೊಬ್ಬು ಎಲ್ಲದರ ಜೊತೆ 'ಕ್ಯಾನ್ಸರ್ ಮಾರ್ಕರ್' ಎಂಬುದೂ ಆ ಹಾಳೆಯಲ್ಲಿತ್ತು. ಸಿಎ 15-3. ಅದು ನಾರ್ಮಲ್ ಎಂದು ಬಂದಿತ್ತು. ಆ ವರದಿ ಹಿಡಿದುಕೊಂಡೇ ಖಾಲಾ ನನ್ನ ಬಳಿ ಬಂದಿದ್ದರು. ಸಿಂಧನೂರಿನಲ್ಲಿ ಲೇಡಿ ಡಾಕ್ಟರಿಗೆ ತೋರಿಸಿ ಬನ್ನಿ ಎಂದೆ. "ರಕ್ತದಾಗ ಏನೂ ಇಲ್ಲ ಅಂತ ಬರದಾರ ಹಕೀಮ್ ಸಾಬ್, ಮತ್ಯಾಕ ಬಿಚ್ಚಿ ತೋರಸಬೇಕ್ರಿ?" ಎಂದರು. ನಾನು ವರದಿ ನೋಡಿದೆ, ಸುಮ್ಮನಾದೆ. ಹಚ್ಚಲು ಒಂದು ಲೇಪ ಬರೆದುಕೊಟ್ಟೆ. ನಾಚಿಕೆಗೆ ಒಂದು ನೆಪ ಅವರಿಗೆ ಬೇಕಿತ್ತು. ಅದನ್ನು ಕೊಟ್ಟವರಲ್ಲಿ ನಾನೂ ಒಬ್ಬ.

ಐದು ತಿಂಗಳ ಬಳಿಕ ಅವರು ಮತ್ತೆ ಬಂದಾಗ ಗಂಟು ಅಡಿಕೆಯಷ್ಟಾಗಿತ್ತು, ಕಂಕುಳಲ್ಲೂ ಒಂದು ಕಾಣಿಸಿಕೊಂಡಿತ್ತು.

ಸಿಎ 15-3 ಎಂಬುದು ಕ್ಯಾನ್ಸರ್ ಪತ್ತೆ ಮಾಡುವ ಪರೀಕ್ಷೆಯಲ್ಲ. ಸ್ತನ ಕ್ಯಾನ್ಸರ್ ಇದೆ ಎಂದು ಈಗಾಗಲೇ ಖಚಿತವಾದವರಲ್ಲಿ, ಅದರಲ್ಲೂ ಹರಡಿದವರಲ್ಲಿ, ಚಿಕಿತ್ಸೆ ನಾಟುತ್ತಿದೆಯೇ ಎಂದು ನೋಡಲು ಬಳಸುವ ಒಂದು ಪ್ರೋಟೀನ್ ಅಳತೆ ಅದು. ಸಣ್ಣ ಗಂಟಿನ ಹಂತದಲ್ಲಿ ಹೆಚ್ಚಿನವರಲ್ಲಿ ಅದು ಏರಿರುವುದೇ ಇಲ್ಲ. ಲಿವರ್ ತೊಂದರೆಯಂತಹ ಬೇರೆ ಕಾರಣಕ್ಕೂ ಏರಬಹುದು. ಅದು ನಾರ್ಮಲ್ ಬಂದ ಮಾತ್ರಕ್ಕೆ ಗಂಟು ನಿರಪಾಯಕಾರಿ ಎಂದಾಗುವುದಿಲ್ಲ. ಪ್ಯಾಕೇಜಿನ ಹಾಳೆಯಲ್ಲಿ ಇದನ್ನು ಯಾರೂ ಬರೆದಿರುವುದಿಲ್ಲ.

ಆದರೆ ಈಗ ಜನ ಕೇಳುತ್ತಿರುವುದು ಈ ಹಳೆಯ ಮಾರ್ಕರ್ ಬಗ್ಗೆಯಲ್ಲ. ರಕ್ತದಲ್ಲಿ ತೇಲಾಡುವ ಕ್ಯಾನ್ಸರ್ ಕೋಶಗಳನ್ನೇ ಹಿಡಿದು ತೋರಿಸುವ ಹೊಸ ಪರೀಕ್ಷೆಗಳ ಬಗ್ಗೆ. ಇದು ಸುಳ್ಳಲ್ಲ, ನಿಜವಾದ ವಿಜ್ಞಾನ. ಹಾಗಾಗಿ ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಕ್ಯಾನ್ಸರ್ ಗಂಟು ಬೆಳೆಯುತ್ತಾ ಹೋದಂತೆ ಅದರಿಂದ ಕೆಲವು ಕೋಶಗಳು ಕಳಚಿಕೊಂಡು ಹತ್ತಿರದ ಸೂಕ್ಷ್ಮ ರಕ್ತನಾಳಗಳೊಳಗೆ ನುಸುಳುತ್ತವೆ. ರಕ್ತದ ಜೊತೆ ಸುತ್ತುತ್ತವೆ. ಬಹುಪಾಲು ದಾರಿಯಲ್ಲೇ ಸಾಯುತ್ತವೆ. ಬದುಕುಳಿದ ಬೆರಳೆಣಿಕೆಯ ಕೋಶಗಳು ಶ್ವಾಸಕೋಶ, ಲಿವರ್, ಎಲುಬು, ಮಿದುಳಿನಂತಹ ಕಡೆ ಬೇರು ಬಿಟ್ಟರೆ ಕ್ಯಾನ್ಸರ್ ಹರಡಿತು ಎನ್ನುತ್ತೇವೆ. ಸ್ತನದಿಂದ ಹೊರಟ ಕೋಶಕ್ಕೆ ದಾರಿಯಲ್ಲಿ ಮೊದಲು ಸಿಗುವ ಜರಡಿ ಶ್ವಾಸಕೋಶ. ಯಾಕೆಂದರೆ ಹೃದಯದ ಬಲಭಾಗಕ್ಕೆ ಬಂದ ರಕ್ತವೆಲ್ಲ ಶ್ವಾಸಕೋಶವನ್ನು ಹಾದೇ ಎಡಭಾಗಕ್ಕೆ ಬರಬೇಕು. ಈ ದಾರಿಯನ್ನು 13ನೇ ಶತಮಾನದಲ್ಲೇ ಬರೆದಿಟ್ಟವರು ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಇಬ್ನ್ ಅಲ್ ನಫೀಸ್. ಯುನಾನಿ ಓದಿದವನಿಗೆ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ, ಕ್ಷಮಿಸಿ.

ರಕ್ತದಲ್ಲಿ ಕ್ಯಾನ್ಸರ್ ಕೋಶವನ್ನು ಮೊದಲು ಕಂಡು ದಾಖಲಿಸಿದ್ದು 1869ರಲ್ಲಿ, ಆಸ್ಟ್ರೇಲಿಯಾದ ಥಾಮಸ್ ಆಶ್‌ವರ್ತ್ ಎಂಬ ವೈದ್ಯರು. ಮೈತುಂಬ ಗಂಟುಗಳಾಗಿ ತೀರಿಕೊಂಡ ಒಬ್ಬ ರೋಗಿಯ ಕಾಲಿನ ರಕ್ತನಾಳದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಗಂಟುಗಳಲ್ಲಿದ್ದಂತಹವೇ ಕೋಶಗಳು ಅದರಲ್ಲೂ ಇದ್ದವು. ನೋಡುವುದೇನೋ ಆಯಿತು. ಆದರೆ ಬದುಕಿರುವ ರೋಗಿಯ ರಕ್ತದಲ್ಲಿ ಅವನ್ನು ಹುಡುಕಿ ಎಣಿಸಲು ಸುಮಾರು ನೂರಮೂವತ್ತು ವರ್ಷ ಬೇಕಾಯಿತು.

ಯಾಕೆ ಅಷ್ಟು ಕಷ್ಟ? ನಮ್ಮ ಕಡೆಯ ಲೆಕ್ಕದಲ್ಲೇ ಹೇಳುತ್ತೇನೆ. ಈ ಪರೀಕ್ಷೆಗೆ ಸಾಮಾನ್ಯವಾಗಿ ತೆಗೆಯುವ ರಕ್ತ 7.5 ಮಿಲಿಲೀಟರ್, ಅಂದರೆ ಒಂದೂವರೆ ಚಮಚ. ಅದರಲ್ಲಿ ಕೆಂಪು ರಕ್ತಕಣಗಳೇ ಸುಮಾರು 3,750 ಕೋಟಿ. ಬಿಳಿ ರಕ್ತಕಣಗಳು ಸುಮಾರು 5 ಕೋಟಿ. ಸೋನಾ ಮಸೂರಿ ಭತ್ತದ ಸಾವಿರ ಕಾಳು ಸುಮಾರು 15 ಗ್ರಾಂ ತೂಗುತ್ತದೆ ಎಂದುಕೊಂಡರೆ 75 ಕಿಲೋದ ಒಂದು ಚೀಲದಲ್ಲಿ 50 ಲಕ್ಷ ಕಾಳು. ಹಾಗಾದರೆ ಆ ಒಂದೂವರೆ ಚಮಚ ರಕ್ತವೆಂದರೆ ಏಳೂವರೆ ಸಾವಿರ ಚೀಲ ಭತ್ತ. ಕ್ಯಾನ್ಸರ್ ಹರಡಿದ ರೋಗಿಯಲ್ಲೂ ಎಷ್ಟೋ ಸಲ ಸಿಗುವುದು ಐದೋ ಹತ್ತೋ ಕೋಶ. ಏಳೂವರೆ ಸಾವಿರ ಚೀಲದಲ್ಲಿ ಐದು ಕರಿ ಕಾಳು ಹುಡುಕಬೇಕು!

ಇದಕ್ಕೆ ಒಂದು ಉಪಾಯ ಮಾಡಿದ್ದಾರೆ. ಸ್ತನ, ಕರುಳು, ಪ್ರಾಸ್ಟೇಟ್ ಮುಂತಾದ ಅಂಗಗಳ ಒಳಪದರದ ಕೋಶಗಳ ಮೈಮೇಲೆ ಎಪ್‌ಕ್ಯಾಮ್ ಎಂಬ ಒಂದು ಪ್ರೋಟೀನ್ ಇರುತ್ತದೆ. ರಕ್ತಕಣಗಳ ಮೇಲೆ ಅದು ಇರುವುದಿಲ್ಲ. ಆ ಪ್ರೋಟೀನಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಕಬ್ಬಿಣದ ಅತಿ ಸೂಕ್ಷ್ಮ ಕಣಗಳಿಗೆ ಜೋಡಿಸಿ ರಕ್ತಕ್ಕೆ ಬೆರೆಸುತ್ತಾರೆ. ಬಳಿಕ ಅಯಸ್ಕಾಂತ ಹಿಡಿಯುತ್ತಾರೆ. ಕಬ್ಬಿಣ ಅಂಟಿದ ಕೋಶಗಳು ಗೋಡೆಗೆ ಬಂದು ನಿಲ್ಲುತ್ತವೆ, ಉಳಿದ ರಕ್ತ ಹರಿದುಹೋಗುತ್ತದೆ. ಜೊತೆಯಲ್ಲಿ ತಪ್ಪಿ ಬಂದ ಬಿಳಿ ಕಣಗಳನ್ನು ಬೇರೆ ಬಣ್ಣ ಹಾಕಿ ಗುರುತಿಸಿ ಬಿಡುತ್ತಾರೆ. ಸೆಲ್‌ಸರ್ಚ್ ಎಂಬ ಇಂತಹ ವ್ಯವಸ್ಥೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಅನುಮತಿ ಕೊಟ್ಟಿತು. ಹರಡಿದ ಸ್ತನ ಕ್ಯಾನ್ಸರ್ ಇರುವವರಲ್ಲಿ 7.5 ಮಿಲಿಲೀಟರ್‌ಗೆ ಐದು ಅಥವಾ ಹೆಚ್ಚು ಕೋಶ ಸಿಕ್ಕರೆ ರೋಗ ಜೋರಾಗಿದೆ ಎಂದು, ಐದಕ್ಕಿಂತ ಕಡಿಮೆಯಿದ್ದರೆ ಮುನ್ನೋಟ ತುಸು ಉತ್ತಮ ಎಂದು ತಿಳಿಯುತ್ತದೆ.

ಇಲ್ಲಿ ಗಮನಿಸಿ. ಆ ಅನುಮತಿ ಸಿಕ್ಕಿದ್ದು 'ಈಗಾಗಲೇ ಕ್ಯಾನ್ಸರ್ ಹರಡಿರುವವರ' ಸ್ಥಿತಿ ಅಳೆಯಲು. ಆರೋಗ್ಯವಾಗಿ ಓಡಾಡುವವರಲ್ಲಿ ಕ್ಯಾನ್ಸರ್ ಹುಡುಕಲು ಅಲ್ಲ. ಆರಂಭದ ಹಂತದಲ್ಲಿ ಈ ವಿಧಾನ ಎಷ್ಟು ಹಿಡಿಯುತ್ತದೆ? ಜರ್ಮನಿಯಲ್ಲಿ ಇನ್ನೂ ಹರಡಿರದ ಸ್ತನ ಕ್ಯಾನ್ಸರ್ ಇದ್ದ 2,026 ಮಹಿಳೆಯರ ರಕ್ತವನ್ನು ಕಿಮೋಗೆ ಮುಂಚೆ ಪರೀಕ್ಷಿಸಿದರು. ಕೋಶ ಕಂಡದ್ದು ಶೇಕಡಾ 21.5 ಮಂದಿಯಲ್ಲಿ ಮಾತ್ರ. ಅವರೆಲ್ಲರಿಗೂ ಕ್ಯಾನ್ಸರ್ ಇತ್ತು ಎಂಬುದು ಮೊದಲೇ ಗೊತ್ತಿದ್ದ ವಿಷಯ. ಅಂದರೆ ರಕ್ತವನ್ನೇ ನಂಬಿ ಕೂತಿದ್ದರೆ ಐವರಲ್ಲಿ ನಾಲ್ವರಿಗೆ 'ಏನೂ ಇಲ್ಲ' ಎಂಬ ಹಾಳೆ ಸಿಗುತ್ತಿತ್ತು.

ರಕ್ತ ತೆಗೆಯುವ ಹೊತ್ತು ಕೂಡ ಲೆಕ್ಕಕ್ಕೆ ಬರುತ್ತದೆ. ಸ್ವಿಟ್ಜರ್ಲೆಂಡ್‌ನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 30 ಮಂದಿ ಸ್ತನ ಕ್ಯಾನ್ಸರ್ ರೋಗಿಗಳ ರಕ್ತವನ್ನು ಬೆಳಗಿನ ಜಾವ 4 ಗಂಟೆಗೆ ಒಮ್ಮೆ, 10 ಗಂಟೆಗೆ ಒಮ್ಮೆ ತೆಗೆದರು. ಸಿಕ್ಕ ಕೋಶಗಳಲ್ಲಿ ಮುಕ್ಕಾಲಿಗಿಂತ ಹೆಚ್ಚು ನಿದ್ದೆಯ ಹೊತ್ತಿನ ರಕ್ತದಲ್ಲಿದ್ದವು. ನಿದ್ದೆ ಬಿಟ್ಟರೆ ಕ್ಯಾನ್ಸರ್ ಹರಡುವುದಿಲ್ಲ ಎಂದು ದಯವಿಟ್ಟು ಅರ್ಥ ಮಾಡಿಕೊಳ್ಳಬೇಡಿ. ನಿದ್ದೆ ರೋಗಿಗೆ ಬೇಕೇ ಬೇಕು.

ಇನ್ನು ನಮ್ಮ ದೇಶದಲ್ಲಿ ಏನೇನು ಬಂದಿದೆ ನೋಡೋಣ. ಪುಣೆಯ ಆಕ್ಟೋರಿಯಸ್ ಸಂಸ್ಥೆಯ ಆಂಕೋಡಿಸ್ಕವರ್ ಎಂಬುದು ಕೋಶಗಳನ್ನು ಎಣಿಸುವ ಪರೀಕ್ಷೆ. ನಾಸಿಕ್‌ನ ದಾತಾರ್ ಕ್ಯಾನ್ಸರ್ ಜೆನೆಟಿಕ್ಸ್ ಸಂಸ್ಥೆ 2022ರಲ್ಲಿ ಅಪೊಲೊ ಆಸ್ಪತ್ರೆಗಳ ಜೊತೆ ಸೇರಿ, ರೋಗಲಕ್ಷಣವಿಲ್ಲದ ಮಹಿಳೆಯರಲ್ಲೇ ಸ್ತನ ಕ್ಯಾನ್ಸರ್ ಹುಡುಕುವ ರಕ್ತ ಪರೀಕ್ಷೆಯನ್ನು ಮಾರುಕಟ್ಟೆಗೆ ತಂದಿತು. ಇದಕ್ಕೆ ಎಫ್‌ಡಿಎ 'ಬ್ರೇಕ್‌ಥ್ರೂ' ಎಂಬ ಹೆಸರು ಕೊಟ್ಟಿದೆ ಎಂದು ಪ್ರಚಾರದಲ್ಲಿ ಕಾಣುತ್ತದೆ. ಅದರ ಅರ್ಥ, ಪರಿಶೀಲನೆಯನ್ನು ಬೇಗ ನಡೆಸಲು ಒಪ್ಪಿದ್ದಾರೆ ಎಂದಷ್ಟೇ. ಮಂಜೂರಾತಿ ಬೇರೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ದಲ್ಲಿ ಕಟ್ಟಿದ, ಈಗ ರಿಲಯನ್ಸ್ ಒಡೆತನದಲ್ಲಿರುವ ಸ್ಟ್ರಾಂಡ್ ಲೈಫ್ ಸೈನ್ಸಸ್ 2024ರ ಡಿಸೆಂಬರಿನಲ್ಲಿ ಕ್ಯಾನ್ಸರ್‌ಸ್ಪಾಟ್ ಎಂಬ ಪರೀಕ್ಷೆ ತಂದಿತು. ಇದು ಕೋಶಗಳನ್ನು ಹಿಡಿಯುವುದಿಲ್ಲ. ಸತ್ತ ಕೋಶಗಳಿಂದ ರಕ್ತಕ್ಕೆ ಬಿದ್ದ ಡಿಎನ್‌ಎ ತುಣುಕುಗಳ ಮೇಲೆ ಕ್ಯಾನ್ಸರಿನ ರಾಸಾಯನಿಕ ಗುರುತು ಇದೆಯೇ ಎಂದು ಓದುತ್ತದೆ. ಇದೇ ಬಗೆಯ, ದೊಡ್ಡ ಕರುಳಿನ ಕ್ಯಾನ್ಸರಿಗಾಗಿಯೇ ಇರುವ ಶೀಲ್ಡ್ ಎಂಬ ಪರೀಕ್ಷೆಗೆ 2024ರಲ್ಲಿ ಎಫ್‌ಡಿಎ ಮಂಜೂರಾತಿ ಸಿಕ್ಕಿದೆ. ಅದು ಕರುಳಿನ ಕ್ಯಾನ್ಸರಿನಲ್ಲಿ ನೂರಕ್ಕೆ 83ನ್ನು ಹಿಡಿಯಿತು, ಆದರೆ ಕ್ಯಾನ್ಸರ್ ಆಗುವ ಮುಂಚಿನ ಅಪಾಯಕಾರಿ ಗಂಟುಗಳಲ್ಲಿ ಹಿಡಿದದ್ದು ನೂರಕ್ಕೆ 13 ಮಾತ್ರ. ಇಂಗ್ಲೆಂಡಿನಲ್ಲಿ 1,40,000ಕ್ಕೂ ಹೆಚ್ಚು ಜನರನ್ನು ಸೇರಿಸಿ ಇನ್ನೊಂದು ರಕ್ತ ಪರೀಕ್ಷೆಯ ಪ್ರಯೋಗ ನಡೆಸಿದ್ದಾರೆ. ಇಂತಹ ಪರೀಕ್ಷೆಯಿಂದ ಜೀವ ಉಳಿಯುತ್ತದೆಯೇ ಎಂಬುದು ತಿಳಿಯಬೇಕಾದರೆ ಅಷ್ಟು ದೊಡ್ಡ ಪ್ರಯತ್ನವೇ ಬೇಕು.

"ಇರಲಿ ಹಕೀಮ್ ಸಾಬ್, ದುಡ್ಡು ಹೋದರೆ ಹೋಗಲಿ, ಮಾಡಿಸಿಬಿಡೋಣ" ಎನ್ನುವವರಿಗೆ ಒಂದು ಲೆಕ್ಕ. ಇದು ತಿಳಿಯಲೆಂದು ನಾನೇ ಹಾಕಿದ ಲೆಕ್ಕ, ಯಾವ ಅಧ್ಯಯನದ್ದೂ ಅಲ್ಲ. ಆರೋಗ್ಯವಾಗಿ ಕಾಣುವ 10,000 ಮಹಿಳೆಯರಲ್ಲಿ 20 ಮಂದಿಗೆ ಗೊತ್ತಾಗದ ಕ್ಯಾನ್ಸರ್ ಇದೆ ಎಂದುಕೊಳ್ಳಿ. ಪರೀಕ್ಷೆ ಬಹಳ ಒಳ್ಳೆಯದು, ನೂರಕ್ಕೆ 90 ಹಿಡಿಯುತ್ತದೆ, ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ತೋರಿಸುತ್ತದೆ. ಆಗ 20ರಲ್ಲಿ 18 ಮಂದಿ ಸಿಗುತ್ತಾರೆ. ಉಳಿದ 9,980ರಲ್ಲಿ ಸುಮಾರು 100 ಮಂದಿಗೆ ಕ್ಯಾನ್ಸರ್ ಇಲ್ಲದೆಯೂ 'ಇದೆ' ಎಂದು ಬರುತ್ತದೆ. ಒಟ್ಟು 118 ಮನೆಗಳಲ್ಲಿ ಅಳು. ನಿಜವಾಗಿ ರೋಗವಿರುವುದು 18 ಮನೆಯಲ್ಲಿ. ಉಳಿದ ನೂರು ಹೆಣ್ಣುಮಕ್ಕಳು ಸ್ಕ್ಯಾನ್‌ನಿಂದ ಸ್ಕ್ಯಾನ್‌ಗೆ, ಊರಿಂದ ಊರಿಗೆ ಅಲೆಯಬೇಕು. ಸಿಂಧನೂರಿನಿಂದ ಬೆಂಗಳೂರಿಗೆ ಹೋಗಿ ಬರುವ ಖರ್ಚು, ಮಗಳ ನಿಕಾಹ್ ಮಾತುಕತೆ ನಿಂತುಹೋಗುವುದು, ಇವೆಲ್ಲ ಪರೀಕ್ಷೆಯ ಬೆಲೆಯಲ್ಲಿ ಸೇರಿರುವುದಿಲ್ಲ.

ಹಾಗಾದರೆ ಇವು ಉಪಯೋಗವಿಲ್ಲದವೇ? ಖಂಡಿತ ಅಲ್ಲ. ಶ್ವಾಸಕೋಶದ ಕ್ಯಾನ್ಸರ್ ರೋಗಿಗೆ ಯಾವ ಮಾತ್ರೆ ನಾಟುತ್ತದೆ ಎಂದು ರಕ್ತದ ಡಿಎನ್‌ಎ ನೋಡಿ ನಿರ್ಧರಿಸುವುದು ದೊಡ್ಡ ಆಸ್ಪತ್ರೆಗಳಲ್ಲಿ ಈಗ ಸಾಮಾನ್ಯ. ಎದೆಗೆ ಮತ್ತೆ ಮತ್ತೆ ಸೂಜಿ ಹಾಕುವುದು ಇದರಿಂದ ತಪ್ಪುತ್ತದೆ. ಕ್ಯಾನ್ಸರ್ ತಜ್ಞರು ಬರೆದುಕೊಟ್ಟರೆ ಮಾಡಿಸಿ. ಮೊಬೈಲ್‌ನ ಜಾಹೀರಾತು ಬರೆದುಕೊಟ್ಟರೆ ಬೇಡ. ಮಾಡಿಸಲೇಬೇಕೆಂದು ಯಾರಾದರೂ ಒತ್ತಾಯಿಸಿದರೆ ಎರಡು ಪ್ರಶ್ನೆ ಕೇಳಿ: 'ಇದೆ' ಎಂದು ಬಂದರೆ ಮುಂದಿನ ತಪಾಸಣೆ ಎಲ್ಲಿ, ಯಾರ ಖರ್ಚಿನಲ್ಲಿ? 'ಇಲ್ಲ' ಎಂದು ಬಂದರೂ ನನ್ನ ಕೈಗೆ ಸಿಗುವ ಗಂಟನ್ನು ಯಾರು ನೋಡುತ್ತಾರೆ?

ಓದುಗರು ಕೇಳುವ ಇನ್ನೂ ಕೆಲವು ಮಾತುಗಳಿವೆ. ಕೆಟ್ಟ ಕೋಶ ರಕ್ತದಲ್ಲಿದ್ದರೆ ಹಿಜಾಮಾ ಮಾಡಿಸಿ ತೆಗೆಸಬಹುದಲ್ಲ ಎನ್ನುತ್ತಾರೆ. ಹಿಜಾಮಾ ನಾನೂ ಮಾಡುವವನು, ಆದ್ದರಿಂದ ನೇರವಾಗಿ ಹೇಳುತ್ತೇನೆ: ಆಗುವುದಿಲ್ಲ. ಈ ಕೋಶಗಳು ರಕ್ತದಲ್ಲಿ ಉಳಿಯುವುದೇ ಕೆಲವು ಗಂಟೆ. ಗಂಟು ಇರುವವರೆಗೆ ಹೊಸವು ಬರುತ್ತಲೇ ಇರುತ್ತವೆ. ಬುಗ್ಗೆ ಬಿಟ್ಟು ಬಾವಿಯ ನೀರು ಸೇದಿದರೆ ಬಾವಿ ಬತ್ತುವುದೇ? ಕಿಮೋ ನಡೆಯುತ್ತಿರುವವರಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಕುಸಿದಿರುತ್ತವೆ. ಆಗ ಚರ್ಮ ಗೀರಿದರೆ ಸೋಂಕು, ರಕ್ತಸ್ರಾವ ಎರಡರ ಭಯವೂ ಇದೆ. ತಜ್ಞರನ್ನು ಕೇಳದೆ ಮಾಡಿಸಬೇಡಿ, ಮಾಡುವವರೂ ಮಾಡಬಾರದು.

ಗಂಟಿಗೆ ಸೂಜಿ ಹಾಕಿ ತುಣುಕು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ನಮ್ಮಲ್ಲಿ ಮನೆ ಮನೆಯಲ್ಲೂ ಇದೆ. ಮೇಲೆ ಓದಿದಿರಲ್ಲ, ಕ್ಯಾನ್ಸರ್ ಗಂಟು ಯಾರೂ ಮುಟ್ಟದಿದ್ದರೂ ತಾನಾಗಿಯೇ ಕೋಶಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಸೂಜಿಯಿಂದ ಹರಡುವುದು ತೀರಾ ಅಪರೂಪ, ತಡದಿಂದ ಹರಡುವುದು ನಿತ್ಯದ ಮಾತು. ಸೂಜಿ ಹಾಕದೆ ಅದು ಯಾವ ಜಾತಿಯ ಗಂಟು ಎಂದು ತಿಳಿಯುವ ದಾರಿಯೇ ಇಲ್ಲ. ಇನ್ನು, ರೋಗಿಯ ತಟ್ಟೆಯಲ್ಲಿ ಉಂಡರೆ, ಜೊತೆಯಲ್ಲಿ ಮಲಗಿದರೆ ಕ್ಯಾನ್ಸರ್ ಅಂಟುವುದಿಲ್ಲ. ಖಾಲಾಗೆ ಅವರ ಮನೆಯಲ್ಲೇ ಬೇರೆ ಲೋಟ ಇಟ್ಟಿದ್ದರು ಎಂದು ಕೇಳಿ ಬಹಳ ಬೇಸರವಾಯಿತು.

ಯುನಾನಿಯಲ್ಲಿ ಔಷಧವಿಲ್ಲವೇ ಎಂದು ಕೇಳುವವರಿಗೆ: ನಮ್ಮ ಗ್ರಂಥಗಳಲ್ಲಿ ಇದರ ಹೆಸರು ಸರತಾನ್, ಅಂದರೆ ಏಡಿ. ಇಬ್ನ್ ಸೀನಾ ತಮ್ಮ 'ಕಾನೂನ್' ಗ್ರಂಥದಲ್ಲಿ, ಗಂಟು ಚಿಕ್ಕದಿದ್ದಾಗ, ಕೈಗೆಟುಕುವ ಜಾಗದಲ್ಲಿದ್ದಾಗ ಸುತ್ತಲಿನ ಭಾಗ ಸಮೇತ ಪೂರ್ತಿ ಕತ್ತರಿಸಿ ತೆಗೆಯುವ ದಾರಿಯನ್ನೇ ಹೇಳಿದ್ದಾರೆ. ಆಂದಲೂಸಿಯಾದ ಮಹಾ ಶಸ್ತ್ರವೈದ್ಯ ಅಲ್ ಝಹ್ರಾವಿ, ದೊಡ್ಡದಾಗಿ ಬೆಳೆದ ಸರತಾನನ್ನು ತಾನು ಗುಣಪಡಿಸಿದ್ದಿಲ್ಲ, ಗುಣಪಡಿಸಿದವರನ್ನು ಕಂಡದ್ದೂ ಇಲ್ಲ ಎಂದು ಒಪ್ಪಿಕೊಂಡಿದ್ದಾರೆ. ಸಾವಿರ ವರ್ಷದ ಹಿಂದೆ ಅವರು ಅಷ್ಟು ಪ್ರಾಮಾಣಿಕರಾಗಿದ್ದರು. ಮಾಜೂನಿನಿಂದ ಗಂಟು ಕರಗಿಸುತ್ತೇನೆ ಎಂದು ಇಂದು ಯಾವ ಹಕೀಮ ಹೇಳಿದರೂ ನಂಬಬೇಡಿ. ಹಸಿವು, ಮಲಬದ್ಧತೆ, ನಿಶ್ಶಕ್ತಿಗೆ ನಮ್ಮ ಔಷಧಗಳಿಂದ ನೆರವಾಗಬಹುದು. ಅದನ್ನೂ ಕ್ಯಾನ್ಸರ್ ವೈದ್ಯರಿಗೆ ತಿಳಿಸಿಯೇ ತೆಗೆದುಕೊಳ್ಳಬೇಕು.

ಸಹೋದರಿಯರೇ, ಕೈಯಲ್ಲಿ ಕಾಸಿಲ್ಲದೆ ಮಾಡಬಹುದಾದ ತಪಾಸಣೆ ನಿಮ್ಮ ಬಳಿಯೇ ಇದೆ. ಮುಟ್ಟು ನಿಂತ ಮೇಲೆ ನೀವು ಗುಸ್ಲ್ ಮಾಡುತ್ತೀರಿ. ಸ್ತನ ಮೆತ್ತಗಿದ್ದು ಗಂಟು ಸುಲಭವಾಗಿ ಬೆರಳಿಗೆ ಸಿಗುವ ದಿನಗಳು ಅವೇ. ಸೋಪು ಹಚ್ಚಿದ ಕೈಯ ಮೂರು ಬೆರಳುಗಳ ಒಳಮೈಯಿಂದ ಎರಡೂ ಸ್ತನಗಳನ್ನು, ಕಂಕುಳನ್ನು ಸುತ್ತುಸುತ್ತಾಗಿ ಒತ್ತಿ ನೋಡಿ. ಮುಟ್ಟು ಪೂರ್ತಿ ನಿಂತವರು ಚಾಂದ್ರಮಾನ ತಿಂಗಳ ಒಂದನೇ ದಿನ ಎಂದು ಇಟ್ಟುಕೊಳ್ಳಿ. ಹೊಸ ಗಂಟು, ಕಿತ್ತಳೆ ಸಿಪ್ಪೆಯಂತಾದ ಚರ್ಮ, ಒಳಕ್ಕೆ ಎಳೆದುಕೊಂಡ ತೊಟ್ಟು, ತೊಟ್ಟಿನಿಂದ ರಕ್ತ, ಇವುಗಳಲ್ಲಿ ಯಾವುದಿದ್ದರೂ ಆ ವಾರವೇ ಲೇಡಿ ಡಾಕ್ಟರಿಗೆ ತೋರಿಸಿ. ನೋವಿಲ್ಲದ ಗಂಟಿಗೇ ಹೆಚ್ಚು ಹೆದರಬೇಕು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡರೆ, ಸಂಭೋಗದ ನಂತರ ರಕ್ತ ಕಂಡರೆ ಗರ್ಭಕೊರಳಿನ ತಪಾಸಣೆ ಬೇಕು.

ಗಂಡಸರಿಗೂ ಒಂದು ಮಾತು. ನಾಟಿ ಗದ್ದೆಗೆ ಹೋಗುವ ಕ್ಯಾಂಪಿನ ಹೆಂಗಸರ ಪಾನ್‌ನಲ್ಲಿ ಹೊಗೆಸೊಪ್ಪು ಇರುತ್ತದೆ, ನಮ್ಮ ಹುಡುಗರ ಜೇಬಿನಲ್ಲಿ ಚೀಟಿ ಇರುತ್ತದೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಅಂದಿನಿಂದ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಆಗಿದೆ, ಅಷ್ಟೆ. ಬಾಯಿಯಲ್ಲಿ ಮೂರು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವಕ್ಕೆ ಯಾವ ರಕ್ತ ಪರೀಕ್ಷೆಯೂ ಬೇಡ. ಕನ್ನಡಿ, ಟಾರ್ಚು ಸಾಕು.

30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಆಶಾ ಕಾರ್ಯಕರ್ತೆ ಫಾರಂ ಹಿಡಿದು ಬಾಗಿಲಿಗೆ ಬಂದಾಗ "ನಮ್ಮ ಮನ್ಯಾಗ ಯಾರಿಗೂ ಏನಿಲ್ಲ" ಎಂದು ಹೊರಗಿನಿಂದಲೇ ಕಳಿಸಬೇಡಿ. ಮಹಿಳಾ ವೈದ್ಯೆಯೇ ನೋಡಲಿ ಎಂದು ಕೇಳುವುದು ನಿಮ್ಮ ಹಕ್ಕು, ಹೆಚ್ಚಿನ ಕಡೆ ವ್ಯವಸ್ಥೆ ಮಾಡುತ್ತಾರೆ. ಸಿಗದಿದ್ದರೆ? ರೋಗದ ಅಗತ್ಯಕ್ಕೆ ವೈದ್ಯನ ಮುಂದೆ ತೋರಿಸುವುದಕ್ಕೆ ನಮ್ಮ ಧರ್ಮದಲ್ಲಿ ಅವಕಾಶವಿದೆ ಎಂಬುದನ್ನು ನಿಮ್ಮ ಊರಿನ ಆಲಿಮರೇ ಹೇಳುತ್ತಾರೆ, ಕೇಳಿ ನೋಡಿ. ಚಿಕಿತ್ಸೆ ಬೇಕಾದರೆ ರಾಯಚೂರಿನ ರಿಮ್ಸ್ ಇದೆ. ರಫಿ ಅಹಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆಯ ಶಾಖೆ ಕಲಬುರಗಿಯಲ್ಲಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಖರ್ಚು ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಜೊತೆಗಿರಲಿ.

ಖಾಲಾಗೆ ಆಪರೇಷನ್ ಆಗಿದೆ, ಕಿಮೋ ಮುಗಿದಿದೆ. ಉದುರಿದ ಕೂದಲು ಬರುತ್ತಿದೆ. ಈಗ ಮೂರು ತಿಂಗಳಿಗೊಮ್ಮೆ ಕಲಬುರಗಿಗೆ ಹೋಗುತ್ತಾರೆ. ಕಂಕುಳಿನ ಗಂಟುಗಳನ್ನು ತೆಗೆದದ್ದರಿಂದ ಎಡಗೈ ಊದುತ್ತದೆ, ರೊಟ್ಟಿ ಬಡಿಯಲು ಆಗುವುದಿಲ್ಲ, ಸೊಸೆ ಬಡಿಯುತ್ತಾಳೆ. ಕಳೆದ ತಿಂಗಳು ಅದೇ ಸೊಸೆಯನ್ನು ಕರೆದುಕೊಂಡು ನನ್ನ ದವಾಖಾನೆಗೆ ಬಂದಿದ್ದರು. ಅವಳಿಗೆ ಏನೋ ಗಂಟು ಸಿಕ್ಕಂತಾಗಿದೆಯಂತೆ. ನಾನು ಚೀಟಿ ತೆಗೆದು ಪೆನ್ನು ಹಿಡಿಯುವಷ್ಟರಲ್ಲಿ ಖಾಲಾ, "ಲೇಪ ಬರಿಬ್ಯಾಡ್ರಿ ಹಕೀಮ್ ಸಾಬ್, ಲೇಡಿ ಡಾಕ್ಟರ್ ಹೆಸರು ಬರೀರಿ" ಎಂದರು. ಅದನ್ನೇ ಬರೆದೆ. ಸ್ಕ್ಯಾನ್ ಆಯಿತು, ಸೂಜಿ ಪರೀಕ್ಷೆಯೂ ಆಯಿತು. ಹಾಲಿನ ಗ್ರಂಥಿಯ ಸಾದಾ ಗಂಟು, ಕ್ಯಾನ್ಸರ್ ಅಲ್ಲ ಎಂದು ವರದಿ ಬಂದಿದೆ. ಆರು ತಿಂಗಳ ಬಳಿಕ ಮತ್ತೊಮ್ಮೆ ತೋರಿಸಲು ಹೇಳಿದ್ದಾರೆ.